ಹೋಟೆಲ್‌ನವರಿಗೆ ಊಟಕ್ಕೇನು ಬರ?

ಮೂರು ವರ್ಷದ ಹಿಂದಿನ ಮಾತು. ಗಣಪತಿ ಹಬ್ಬದ ಗಲಾಟೆ ಮುಗಿದು, ಭಾಂಡುಪ್ ಸ್ಟೇಷನ್ ಹೊರಗಿನ ರಸ್ತೆಯಲ್ಲಿ ಮಂಡಪಗಳ ಬಿದಿರು ಬಿಚ್ಚುತ್ತಿದ್ದ ವಾರ. ಸೋಮವಾರ ಬೆಳಿಗ್ಗೆ ಹತ್ತರ ಸುಮಾರಿಗೆ ನಮ್ಮ ಹೋಟೆಲ್‌ನಿಂದ ಫೋನ್ ಬಂತು. ಗಲ್ಲಾದಲ್ಲಿ ಕೂತಿದ್ದ ನಮ್ಮವರು ಹೊಟ್ಟೆ ಹಿಡಿದುಕೊಂಡು ಅಲ್ಲೇ ಕುಸಿದಿದ್ದರು. ನಾನು ಉಟ್ಟ ಸೀರೆಯಲ್ಲೇ ರಿಕ್ಷಾ ಹತ್ತಿದೆ. ಆಸ್ಪತ್ರೆಗೆ ಮುಟ್ಟುವಾಗ ಅವರನ್ನು ಸ್ಟ್ರೆಚರಿನಲ್ಲಿ ಆಪರೇಷನ್ ಥಿಯೇಟರಿಗೆ ಒಯ್ಯುತ್ತಿದ್ದರು. ಹೊಟ್ಟೆಯೊಳಗೆ ಹಳೆಯ ಹುಣ್ಣೊಂದು ಒಡೆದಿದೆ, ಕೂಡಲೇ ಕೊಯ್ಯಬೇಕು ಎಂದರು. ಕಾಗದದ ಮೇಲೆ ಎಲ್ಲೆಲ್ಲಿ ಬೆರಳು ತೋರಿಸಿದರೋ ಅಲ್ಲಲ್ಲಿ ಸಹಿ ಹಾಕಿದೆ.

ಹುಣ್ಣು ಇತ್ತು ಎಂಬುದೇ ನನಗೆ ಗೊತ್ತಿರಲಿಲ್ಲ.

ಆಪರೇಷನ್ ಆಯಿತು. ಜೀವ ಉಳಿಯಿತು, ಆದರೆ ಉಸಿರಿಗೆ ವೆಂಟಿಲೇಟರ್ ಇಟ್ಟು, ನಿದ್ದೆಯ ಮದ್ದು ಕೊಟ್ಟು ಐಸಿಯುನಲ್ಲಿ ಮಲಗಿಸಿದರು. ನಮಗೆ ಬೆಳಿಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ ನೋಡಲು ಬಿಡುತ್ತಿದ್ದರು. ಉಳಿದ ಹೊತ್ತೆಲ್ಲ ಹೊರಗಿನ ಪ್ಲಾಸ್ಟಿಕ್ ಕುರ್ಚಿ. ನಾನು ಸುಮ್ಮನೆ ಕೂರುವ ಹೆಂಗಸಲ್ಲ. ಕುರ್ಚಿಯಿಂದ ಎದ್ದು ಲಿಫ್ಟ್‌ವರೆಗೆ, ಲಿಫ್ಟಿನಿಂದ ನೀರಿನ ನಲ್ಲಿವರೆಗೆ, ಅಲ್ಲಿಂದ ಐಸಿಯು ಬಾಗಿಲಿಗೆ. ಬಾಗಿಲು ತೆರೆದಾಗಲೆಲ್ಲ ಕತ್ತು ಉದ್ದ ಮಾಡುವುದು. ವಾಚ್‌ಮನ್‌ಗೆ ನನ್ನನ್ನು ಕಂಡರೆ ತಲೆನೋವು ಬರತೊಡಗಿತ್ತು. ಮಲಾಡ್‌ನಲ್ಲಿರುವ ಮಗಳು ಪ್ರಣೀತಾ ಆಫೀಸಿಗೆ ರಜೆ ಹಾಕಿ ಬಂದಿದ್ದಳು. "ಮಮ್ಮಿ, ಪ್ಲೀಸ್, ಬೈಠೋ ನಾ. ನೀನು ನಡೆದ್ರೆ ಪಪ್ಪ ಬೇಗ ಎದ್ದೇಳ್ತಾರಾ?" ಎಂದು ಬೈದಳು. ಅವಳ ಕನ್ನಡವೇ ಹಾಗೆ, ಮೂರು ಭಾಷೆಯ ಮಿಸಳ್. ಕೂತೆ. ಎರಡು ನಿಮಿಷಕ್ಕೆ ಮತ್ತೆ ಎದ್ದೆ.

ಬುಧವಾರ ಅವರಿಗೆ ಆಹಾರ ಕೊಡಲು ಶುರು ಮಾಡಿದರು. ಮೂಗಿನಿಂದ ಕರುಳಿನವರೆಗೆ ಒಂದು ಸಪೂರ ನಳಿಕೆ, ಅದರ ತುದಿಗೆ ಮೇಲೆ ನೇತು ಹಾಕಿದ ಚೀಲ, ಚೀಲದಲ್ಲಿ ಹಾಲು ಹೆಚ್ಚಾದ ಕಾಫಿಯ ಬಣ್ಣದ ದ್ರವ. ಪಕ್ಕದಲ್ಲಿ ಒಂದು ಸಣ್ಣ ಯಂತ್ರ ಅದನ್ನು ಲೆಕ್ಕ ಹಾಕಿ ಬಿಡುತ್ತಿತ್ತು. ಎಷ್ಟು ಎಂದು ಸಿಸ್ಟರನ್ನು ಕೇಳಿದೆ. ಗಂಟೆಗೆ ಇಪ್ಪತ್ತು ಎಂ.ಎಲ್. ಎಂದಳು. ನಮ್ಮ ಹೋಟೆಲ್‌ನಲ್ಲಿ ಅರ್ಧ ಲೋಟದ ಒಂದು ಕಟಿಂಗ್ ಚಹಾದ ಮೂರನೇ ಒಂದು ಪಾಲೂ ಆಗುವುದಿಲ್ಲ ಅದು! ಒಂದು ಗಂಟೆಗೆ ಅಷ್ಟು! ದಿನಕ್ಕೆ ನೂರಾರು ಜನರಿಗೆ ಬಡಿಸುವ ಮನುಷ್ಯನಿಗೆ ಇಷ್ಟೇನಾ?

ಕೋಪ ಯಾವಾಗಲೂ ನನ್ನ ಮೂಗಿನ ತುದಿಯಲ್ಲೇ ಇರುತ್ತದೆ. ಹೊರಗೆ ಬಂದವಳೇ ಊಟದ ವ್ಯವಸ್ಥೆ ನೋಡುವವರು ಯಾರೆಂದು ವಿಚಾರಿಸಿದೆ. ಡಯಟೀಶಿಯನ್ ಬಂದಳು. ಮೃಣಾಲ್ ಎಂದು ಹೆಸರು, ನನ್ನ ಮಗಳ ವಯಸ್ಸಿನ ಮರಾಠಿ ಹುಡುಗಿ, ಕೈಯಲ್ಲಿ ಫೈಲು. ನಾನು ಹಿಂದಿಯಲ್ಲಿ ಒಂದೇ ಉಸಿರಿಗೆ ಹೇಳಬೇಕಾದ್ದನ್ನೆಲ್ಲ ಹೇಳಿದೆ. ಎರಡು ದಿನದಿಂದ ಹೊಟ್ಟೆಗೆ ಏನೂ ಬಿದ್ದಿಲ್ಲ, ಹೀಗೆ ಹನಿ ಹನಿ ಕೊಟ್ಟರೆ ಗಾಯ ಮಾಯುವುದು ಯಾವಾಗ ಎಂದು ಕೇಳಿದೆ.

ಅವಳು ಸಿಟ್ಟಾಗದೆ ನಕ್ಕಳು. "ಕಾಕೂ, ಬೇಗ ಹೆಚ್ಚಿಸಬಹುದು. ಆದರೆ ಒಂದು ವಿಷಯ ಸರಿಯಾಗಿ ಹೇಳಿ. ಕಳೆದ ಒಂದು ತಿಂಗಳು ಕಾಕಾ ಊಟ ಹೇಗೆ ಮಾಡುತ್ತಿದ್ದರು? ಕಡಿಮೆಯಾಗಿತ್ತಾ? ತೂಕ ಇಳಿದಿತ್ತಾ?"

ನನಗೆ ನಗು ಬಂತು. "ಹೋಟೆಲ್‌ನವರಿಗೆ ಊಟಕ್ಕೇನು ಬರ? ಮೂರು ಹೊತ್ತೂ ಗಡದ್ದಾಗಿ ಉಣ್ಣುತ್ತಾರೆ. ಅವರ ಹೊಟ್ಟೆ ನೋಡಿದರೆ ಗೊತ್ತಾಗುವುದಿಲ್ಲವಾ?" ಎಂದೆ. ಅವರದ್ದು ದೊಡ್ಡ ಮೈಕಟ್ಟು, ಯಾರು ನೋಡಿದರೂ ನಂಬುವ ಮಾತೇ.

ಅವಳು ಬರೆದುಕೊಂಡಳು. ಗುರುವಾರ ಯಂತ್ರದ ಮೇಲಿನ ಅಂಕಿ ನಲವತ್ತಾಯಿತು, ಸಂಜೆಗೆ ಅರವತ್ತು. ಜಗಳ ಗೆದ್ದವಳ ಹಾಗೆ ನಾನು ಅವತ್ತು ಒಂದು ಗಂಟೆ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದೆ.

ಶುಕ್ರವಾರ ಬೆಳಿಗ್ಗೆ ವೆಂಟಿಲೇಟರ್ ತೆಗೆಯುತ್ತೇವೆ ಎಂದಿದ್ದರು. ನಾನು ದೇವರಿಗೆ ಹೂ ಇಟ್ಟು, ಮಗಳನ್ನು ಎಬ್ಬಿಸಿ, ಏಳು ಗಂಟೆಗೇ ಹೋಗಿ ನಿಂತಿದ್ದೆ. ಎಂಟಾಯಿತು, ಒಂಬತ್ತಾಯಿತು. ಒಳಗೆ ಡಾಕ್ಟರುಗಳು ಹೋಗುತ್ತಿದ್ದರು, ಬರುತ್ತಿದ್ದರು, ನಮ್ಮ ಕಡೆ ನೋಡುತ್ತಿರಲಿಲ್ಲ. ಕೊನೆಗೆ ಒಬ್ಬರು ಹೊರಗೆ ಬಂದು, ಇವತ್ತು ಆಗುವುದಿಲ್ಲ ಎಂದರು. ಸ್ವಂತ ಉಸಿರಿಗೆ ಬಲ ಸಾಲುತ್ತಿಲ್ಲವಂತೆ. ನಿನ್ನೆ ನಿದ್ದೆಯ ಮದ್ದು ಕಡಿಮೆ ಮಾಡಿದಾಗ ಕೈಬೆರಳು ಗಟ್ಟಿಯಾಗಿ ಹಿಡಿಯುತ್ತಿದ್ದವರು ಇವತ್ತು ಹಿಡಿಯುತ್ತಿಲ್ಲ. ಎದೆಬಡಿತದಲ್ಲೂ ಏರುಪೇರು. ರಕ್ತ ಪರೀಕ್ಷೆಗೆ ಕಳಿಸಿದ್ದೇವೆ, ಆಪರೇಷನ್ ಜಾಗದಲ್ಲಿ ಸೋಂಕಾಗಿದೆಯೋ ನೋಡಬೇಕು ಎಂದರು.

ಅವತ್ತು ನಡೆಯಲೂ ಆಗಲಿಲ್ಲ, ಕೂರಲೂ ಆಗಲಿಲ್ಲ. ಗೋಡೆಗೆ ಒರಗಿ ನಿಂತೆ.

ಹನ್ನೊಂದರ ಹೊತ್ತಿಗೆ ಮೃಣಾಲ್ ಮತ್ತೆ ಬಂದಳು. ಈ ಸಲ ನಗಲಿಲ್ಲ. ನನ್ನ ಪಕ್ಕಕ್ಕೇ ಬಂದು ನಿಂತು, "ಕಾಕೂ, ನೀಟ ಆಠವೂನ್ ಸಾಂಗಾ," ಎಂದಳು. ಸರಿಯಾಗಿ ನೆನಪು ಮಾಡಿಕೊಂಡು ಹೇಳಿ ಅಂತ. "ಇವರ ರಕ್ತದಲ್ಲಿ ಫಾಸ್ಫೇಟ್, ಪೊಟ್ಯಾಸಿಯಮ್ ಎಲ್ಲ ಒಮ್ಮೆಲೇ ತಳಕ್ಕೆ ಹೋಗಿವೆ. ತುಂಬಾ ದಿನ ಊಟವಿಲ್ಲದೆ ಇದ್ದವರಿಗೆ ತಟ್ಟನೆ ಆಹಾರ ಕೊಟ್ಟರೆ ಹೀಗಾಗುತ್ತದೆ. ಸೋಂಕಿನಿಂದಲೂ ಆಗಿರಬಹುದು. ಯಾವುದು ಅಂತ ತಿಳಿಯಬೇಕು. ಅವರು ನಿಜವಾಗಿ ಊಟ ಮಾಡುತ್ತಿದ್ದರಾ?"

ಸತ್ಯ ಹೇಳುತ್ತೇನೆ, ನನಗೆ ಅವಳ ಕೆನ್ನೆಗೆ ಬಿಡಬೇಕು ಅನ್ನಿಸಿತು. ಮದುವೆಯಾಗಿ ಇಪ್ಪತ್ತೆಂಟು ವರ್ಷ. ನನ್ನ ಗಂಡ ಉಂಡಿದ್ದಾರೋ ಇಲ್ಲವೋ ಎಂದು ಮೊನ್ನೆ ಕಂಡ ಹುಡುಗಿ ನನ್ನನ್ನು ಕೇಳುವುದೇ? "ಏನು, ನಾವು ಗಂಡಸರನ್ನು ಉಪವಾಸ ಕೆಡಹುವವರು ಅಂತ ತಿಳಿದಿದ್ದೀಯಾ? ಒಂದು ಸಲ ಹೇಳಿದ್ದು ಅರ್ಥ ಆಗುವುದಿಲ್ಲವಾ?" ಎಂದು ಕೂಗಿದೆ. ಕಾರಿಡಾರಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಪ್ರಣೀತಾ ನನ್ನ ತೋಳು ಹಿಡಿದಳು. ಮೃಣಾಲ್ ಫೈಲು ಮುಚ್ಚಿಕೊಂಡು ಹೋದಳು.

ಹನ್ನೆರಡೂವರೆಗೆ ಯಲ್ಲಪ್ಪ ಬಂದ. ನಮ್ಮ ಹೋಟೆಲ್‌ನ ಅಡುಗೆಮನೆಯಲ್ಲಿ ಹದಿನೈದು ವರ್ಷದಿಂದ ಇರುವ ಬಾಗಲಕೋಟೆ ಕಡೆಯ ಮನುಷ್ಯ. ಮೊಮ್ಮಕ್ಕಳನ್ನು ಕಂಡಿದ್ದಾನೆ. ನಮಗಿಬ್ಬರಿಗೆ ಡಬ್ಬಿಯಲ್ಲಿ ಇಡ್ಲಿ ತಂದಿದ್ದ. ಶೆಟ್ರು ಹೇಗಿದ್ದಾರೆ ಎಂದು ಕೇಳಿದ, ಹೇಳಿದೆ. ಆಮೇಲೆ ತಲೆ ತಗ್ಗಿಸಿಕೊಂಡೇ ಕೇಳಿದ:

"ಅಕ್ಕಾರ, ಶೆಟ್ರಿಗೆ ಮನ್ಯಾಗ ಏನ್ ಮಾಡಿ ಕೊಡತಿದ್ರಿ? ಅದನ್ನ ಹೇಳ್ರಿ, ಅವರು ಎದ್ದ ಮ್ಯಾಲ ನಾನೂ ಹಂಗ ಮಾಡಿ ತರತೀನಿ. ನಮ್ಮ ಕೈ ಅಡಿಗಿ ಅವರಿಗೆ ಯಾಕೋ ಸೇರವಲ್ದು."

"ಸೇರವಲ್ದು ಅಂದರೆ? ಬೆಳಿಗ್ಗೆಯ ತಿಂಡಿ, ಮಧ್ಯಾಹ್ನದ ಊಟ ಅಲ್ಲೇ ಅಲ್ಲವಾ?" ಎಂದೆ.

"ಎಲ್ಲಿ ಅಕ್ಕಾರ! ಶ್ರಾವಣದಾಗಿಂದ ಹೋಟೆಲ್‌ನಾಗ ಒಂದು ತುತ್ತು ಮುಟ್ಟಿಲ್ಲ. ತಾಟು ಹಚ್ಚಲೇನ್ರಿ ಅಂದ್ರ, ಬ್ಯಾಡೋ, ಮನ್ಯಾಗ ಕುಚ್ಚಲಕ್ಕಿ ಗಂಜಿ ಮಾಡ್ಯಾಳ, ಅಲ್ಲೇ ಉಣ್ತೀನಿ ಅಂತಿದ್ರು. ಬರೇ ಚಾ, ಮಜ್ಜಿಗಿ. ನೀವು ಪಥ್ಯಾ ಹಿಡಿಸೀರಿ ಅಂತ ನಾವು ತಿಳಕೊಂಡಿದ್ವಿ."

ನನ್ನ ಕೈಯಲ್ಲಿದ್ದ ಡಬ್ಬಿ ತಣ್ಣಗಾದ ಹಾಗಾಯಿತು. ಯಾಕೆಂದರೆ ಮನೆಯಲ್ಲೂ ಅದೇ ಮಾತು, ತಿರುಗಿಸಿ. ಶ್ರಾವಣದಿಂದ ರಾತ್ರಿ ಮನೆಗೆ ಬಂದು, "ಹಬ್ಬದ ಗಲಾಟೆ, ಇವತ್ತು ಹೋಟೆಲ್‌ನಲ್ಲೇ ಉಂಡೆ, ಒಂದು ಲೋಟ ಮಜ್ಜಿಗೆ ಕೊಡು ಸಾಕು," ಎನ್ನುತ್ತಿದ್ದರು. ನಮ್ಮ ತುಳುನಾಡಿನವರು ಯಾರನ್ನು ಕಂಡರೂ ಮೊದಲು ಕೇಳುವುದೇ "ವಣಸ್ ಆಂಡಾ?", ಊಟ ಆಯಿತಾ ಎಂದು. ಎದುರಿಗಿದ್ದವರು ಹಸಿದಿರಲಿ, ಬಿಡಲಿ, "ಆಂಡ್", ಆಯಿತು ಎನ್ನುವುದು ರೂಢಿ. ಕೇಳುವುದೂ ಮರ್ಯಾದೆಗೆ, ಹೇಳುವುದೂ ಮರ್ಯಾದೆಗೆ. ಆ ಒಂದು ತಿಂಗಳು ನಾನು ಅವರನ್ನು ದಿನಾ ಕೇಳಿದ್ದೆ, ದಿನಾ ಅವರು ಆಯಿತು ಎಂದಿದ್ದರು. ನಾನು ಮುಖವನ್ನೂ ನೋಡದೆ ಮಜ್ಜಿಗೆ ತರಲು ಒಳಗೆ ಹೋಗಿದ್ದೆ.

ಮತ್ತೂ ಒಂದಿದೆ. ಹಬ್ಬಕ್ಕೆ ಮೊದಲು ಅವರ ಎರಡು ಪ್ಯಾಂಟುಗಳ ಸೊಂಟವನ್ನು ನಾನೇ ಕೈಯಾರೆ ಒಳಗೆ ಹೊಲಿದು ಸಣ್ಣ ಮಾಡಿದ್ದೆ. "ಏನು, ಮತ್ತೊಮ್ಮೆ ಮದುಮಗ ಆಗುವ ಯೋಚನೆಯಾ?" ಎಂದು ತಮಾಷೆ ಮಾಡಿದ್ದೆ ಕೂಡ. ಅವರು ನಕ್ಕಿದ್ದರು. ದೀಪದ ಬುಡದಲ್ಲಿ ಕತ್ತಲೆ ಎಂದು ಊರವರಿಗೆಲ್ಲ ಹೇಳುತ್ತಿದ್ದವಳು ನಾನು.

ಡಬ್ಬಿಯನ್ನು ಯಲ್ಲಪ್ಪನ ಕೈಗೇ ಕೊಟ್ಟು ಓಡಿದೆ. ಲಿಫ್ಟ್ ಮೇಲೆಲ್ಲೋ ಇತ್ತು. ಕಾಯಲು ಆಗಲಿಲ್ಲ, ಮೆಟ್ಟಿಲು ಇಳಿದೆ. ಎರಡನೇ ಮಹಡಿಯಲ್ಲಿ ಅವಳ ಕೋಣೆ ಇದೆ ಎಂದರು, ಅಲ್ಲಿರಲಿಲ್ಲ. ಕ್ಯಾಂಟೀನಿನಲ್ಲಿರಬಹುದು ಎಂದರು. ನೆಲಮಾಳಿಗೆಗೆ ಹೋದೆ. ಮೂಲೆಯ ಮೇಜಿನಲ್ಲಿ ಚಪಾತಿ ಮುರಿಯುತ್ತಾ ಕೂತಿದ್ದಳು. ಎರಡು ಗಂಟೆ ಹಿಂದೆ ಎಲ್ಲರೆದುರು ಬೈದಿದ್ದ ನಾನು ಈಗ ಎಲ್ಲರೆದುರು ಹೇಳಬೇಕಾಯಿತು. "ಬೇಟಾ, ನನ್ನದು ತಪ್ಪಾಯಿತು. ಅವರು ಒಂದು ತಿಂಗಳಿಂದ ಊಟ ಮಾಡಿಲ್ಲ. ಎಲ್ಲಿಯೂ ಮಾಡಿಲ್ಲ. ನನಗೆ ಗೊತ್ತೇ ಇರಲಿಲ್ಲ."

ಅವಳು ತುತ್ತು ಅಲ್ಲೇ ಬಿಟ್ಟು ಎದ್ದಳು. ಮೆಟ್ಟಿಲು ಹತ್ತುತ್ತಲೇ ಫೋನಿನಲ್ಲಿ ಡಾಕ್ಟರಿಗೆ ಹೇಳಿದಳು. ನಾನು ಹಿಂದೆ ಏದುಸಿರು ಬಿಡುತ್ತಾ ಹತ್ತಿದೆ. ಹದಿನೈದು ನಿಮಿಷದೊಳಗೆ ಯಂತ್ರದ ಅಂಕಿ ಇಪ್ಪತ್ತಕ್ಕಿಂತಲೂ ಕೆಳಗೆ ಇಳಿಯಿತು. ವಿಟಮಿನ್ ಇಂಜೆಕ್ಷನ್ ಕೊಟ್ಟರು, ರಕ್ತದಲ್ಲಿ ಕಡಿಮೆಯಾದದ್ದನ್ನೆಲ್ಲ ಸಲೈನಿನಲ್ಲಿ ತುಂಬಿಸತೊಡಗಿದರು. ಇನ್ನು ಆರಾರು ಗಂಟೆಗೆ ರಕ್ತ ಪರೀಕ್ಷೆ ಎಂದರು.

ನನಗೆ ಅರ್ಥವಾಗುವ ಹಾಗೆ ಮೃಣಾಲ್ ಆಮೇಲೆ ಹೇಳಿದಳು. ತುಂಬಾ ದಿನ ಉಪವಾಸವಿದ್ದ ಮೈ ಇರುವುದರಲ್ಲೇ ಹೇಗೋ ನಡೆಸಲು ಕಲಿತಿರುತ್ತದೆ. ತಟ್ಟನೆ ಆಹಾರ ಬಂದರೆ ಅದನ್ನು ಅರಗಿಸುವ ಭರದಲ್ಲಿ ಉಳಿದ ಸತ್ವವನ್ನೂ ಖರ್ಚು ಮಾಡಿಬಿಡುತ್ತದೆ. ಆಗ ಉಸಿರಾಡುವ ಸ್ನಾಯುವಿಗೂ ಹೃದಯಕ್ಕೂ ಬಲವಿರುವುದಿಲ್ಲ. ಅನ್ನವೇ ಅಪಾಯ ಆಗಬಹುದು ಎಂಬುದನ್ನು ಜನ್ಮವಿಡೀ ಹೋಟೆಲ್ ಅನ್ನ ತಿಂದು ಬದುಕಿದ ನಾನು ಅವತ್ತು ಮೊದಲ ಸಲ ಕೇಳಿದೆ.

ಆ ಶುಕ್ರವಾರ ಮತ್ತು ಶನಿವಾರ ಹೇಗೆ ಕಳೆದೆನೋ ನನಗೇ ಗೊತ್ತಿಲ್ಲ. ಈಗ ಅಂಕಿ ಹೆಚ್ಚಿಸಿ ಎಂದು ಕೇಳುವ ಧೈರ್ಯವೂ ಇಲ್ಲ, ಕಡಿಮೆಯಿದೆಯಲ್ಲ ಎಂಬ ಸಂಕಟವೂ ಹೋಗಲಿಲ್ಲ. ಪ್ರತಿ ರಕ್ತ ಪರೀಕ್ಷೆಗೂ ಸಿಸ್ಟರ್ ಹೊರಬಂದಾಗ ಅವಳ ಮುಖ ನೋಡುತ್ತಿದ್ದೆ. ಶನಿವಾರ ಸಂಜೆ ಒಳಗೆ ಹೋಗಿ ಅವರ ಕೈ ಹಿಡಿದಾಗ, ಬೆರಳುಗಳು ಮೆಲ್ಲಗೆ ನನ್ನ ಬೆರಳನ್ನು ಹಿಡಿದವು. ಭಾನುವಾರ ಮಧ್ಯಾಹ್ನ ವೆಂಟಿಲೇಟರ್ ತೆಗೆದರು. ಅವರು ತಾವಾಗಿಯೇ ಉಸಿರಾಡುತ್ತಿರುವುದನ್ನು ಗಾಜಿನಾಚೆಯಿಂದ ನೋಡಿ ನಾನು ವಾಚ್‌ಮನ್‌ನ ಎದುರೇ ಗಟ್ಟಿಯಾಗಿ ಅತ್ತೆ. ಅವನು ತನ್ನ ಸ್ಟೂಲು ನನಗೆ ಕೊಟ್ಟ.

ವಾರ್ಡಿಗೆ ಬಂದು, ಮಾತಿಗೆ ಸ್ವಲ್ಪ ಶಕ್ತಿ ಬಂದ ಮೇಲೆ ಕೇಳಿದೆ: "ಯಾಕೆ ಹೀಗೆ ಮಾಡಿದಿರಿ?"

"ಉಂಡರೆ ನೋವು. ಎಲ್ಲ ವಾಂತಿ ಬಂದ ಹಾಗೆ. ನನ್ನ ಅಪ್ಪನಿಗೂ ಹೀಗೇ ಶುರುವಾದದ್ದು. ಡಾಕ್ಟರ ಹತ್ರ ಹೋಗಿ ನಾಲ್ಕು ತಿಂಗಳಿಗೆ ತೀರಿಹೋದ್ರು. ಹೇಳಿದ್ರೆ ನೀನು ಡಾಕ್ಟರ ಹತ್ರ ಎಳ್ಕೊಂಡು ಹೋಗ್ತಿದ್ದಿ," ಎಂದರು. "ಮತ್ತೆ ಹೋಟೆಲ್‌ನಲ್ಲಿ ಮಾಲೀಕನಿಗೇ ಹೊಟ್ಟೆನೋವು ಅಂದ್ರೆ ಗಿರಾಕಿ ಏನು ಅಂದ್ಕೊಳ್ತಾನೆ ಮಾರಾಯ್ತಿ?" ಎಂದರು.

ಸಿಟ್ಟು ಬಂತು. ಆ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ. ಆಪರೇಷನ್‌ನಲ್ಲಿ ತೆಗೆದ ತುಂಡನ್ನು ಪರೀಕ್ಷೆಗೆ ಕಳಿಸಿದ್ದರು, ಅದು ಬರೀ ಹುಣ್ಣು, ಅವರು ಹೆದರಿದ ಕ್ಯಾನ್ಸರೇ ಅಲ್ಲ. ಇಲ್ಲದ ರೋಗಕ್ಕೆ ಹೆದರಿ ಇರುವ ಜೀವ ಕಳೆದುಕೊಳ್ಳುವವರಿದ್ದರು.

ಆದರೆ ಅವರ ಮೇಲಿನ ಸಿಟ್ಟಿಗಿಂತ ಹೆಚ್ಚು ಕಾಡುವುದು ಬೇರೆ. ಡಿಸ್ಚಾರ್ಜ್ ದಿನ ಮೃಣಾಲ್ ಊಟದ ಪಟ್ಟಿ ಬರೆದು ಕೊಡಲು ಬಂದಾಗ, ಅವತ್ತಿನ ಮಾತಿಗೆ ಕ್ಷಮಿಸು ಎಂದೆ. ಅವಳು ನನ್ನ ಕೈ ಹಿಡಿದು ನಕ್ಕಳು. "ಬೈದದ್ದು ಬಿಡಿ ಕಾಕೂ. ಆದರೆ ಮೊದಲ ದಿನ ನೀವು 'ಗೊತ್ತಿಲ್ಲ' ಅಂದಿದ್ದರೂ ಸಾಕಿತ್ತು. ಗೊತ್ತಿಲ್ಲ ಅಂದವರಿಗೆ ನಾವು ನಿಧಾನವಾಗಿಯೇ ಕೊಡುತ್ತೇವೆ."

ಗೊತ್ತಿಲ್ಲ. ಗಂಡನ ಊಟದ ವಿಷಯದಲ್ಲಿ ಆ ಮಾತು ಹೆಂಡತಿಯಾದವಳ ಬಾಯಿಂದ ಬರಬಾರದು ಎಂದೇ ನಾನು ಬೆಳೆದದ್ದು. ಆ ಒಂದು ಜಂಬಕ್ಕೆ ಅವರು ಎರಡು ದಿನ ಉಸಿರಿಗೆ ಒದ್ದಾಡಿದರು.

ಈಗ ಅವರು ಚೆನ್ನಾಗಿದ್ದಾರೆ, ಹೋಟೆಲಿಗೂ ಹೋಗುತ್ತಾರೆ. ಕಳೆದ ವಾರ ಮಧ್ಯಾಹ್ನ ಎರಡು ಗಂಟೆಗೆ ಪ್ರಣೀತಾ ಫೋನ್ ಮಾಡಿ, "ಮಮ್ಮಿ, ಪಪ್ಪ ಖಾನಾ ಖಾಯಾ ಕ್ಯಾ?" ಎಂದು ಅಪ್ಪನ ಊಟ ವಿಚಾರಿಸಿದಳು.

"ಗೊತ್ತಿಲ್ಲ ಮಗಾ," ಎಂದೆ. "ತಡಿ, ಹೋಟೆಲಿಗೆ ಹೋಗಿ ನೋಡಿ ಹೇಳ್ತೇನೆ." ಫೋನ್ ಕಿವಿಯಲ್ಲಿರುವಾಗಲೇ ನಾನು ಚಪ್ಪಲಿ ಹಾಕಿಕೊಳ್ಳುತ್ತಿದ್ದೆ.