ಮಡಕೆಯಲ್ಲಿ ಮಲಗುವ ಜೋಡಿಗಳು

ಪೇಟೆಗೆ ಇಳಿಯುವ ಕಲ್ಲುಮೆಟ್ಟಿಲ ಮೇಲೆ ಇನ್ನೂ ಬಿಸಿಲು ಬಿದ್ದಿಲ್ಲ. ಅಮ್ಮಾನ್ ನಗರದ ಗುಡ್ಡದ ಮೇಲೆ ಪಾರಿವಾಳಗಳ ಮೊದಲ ಹಿಂಡು ಒಂದು ಸುತ್ತು ಹಾಕಿ ಇಳಿದಿದೆ. ಮೆಟ್ಟಿಲ ತಿರುವಿನಲ್ಲಿ, ಬೀರುವಿನಷ್ಟೇ ಅಗಲದ ಅಂಗಡಿಯ ಬಾಗಿಲೆತ್ತಿ ರಿಹಾಬ್ ಒಳಗೆ ಕೂರುತ್ತಾರೆ. ಮಣ್ಣಿನ ಮಡಕೆಯ ಮುಚ್ಚಳ ತೆಗೆದು, ಬೆರಳುದ್ದದ ಬ್ಯಾಟರಿಗಳನ್ನು ಎರಡೆರಡಾಗಿ ಹೊರಗಿಡುತ್ತಾರೆ. ಒಂದೊಂದರ ತುದಿಗಳಿಗೂ ಮೀಟರಿನ ಕಡ್ಡಿ ತಾಗಿಸುತ್ತಾರೆ. ನಿನ್ನೆ ಸಂಜೆ ಮಲಗಿಸುವಾಗ ಬಂದ ಅಂಕಿಯೇ ಈಗಲೂ ಬಂದರೆ ಆ ಬ್ಯಾಟರಿಗೆ ಇನ್ನೂ ಆಯುಸ್ಸಿದೆ. ಸುಮ್ಮನೆ ಮಲಗಿದ್ದೂ ಅಂಕಿ ಇಳಿದಿದ್ದರೆ ಒಳಗೆಲ್ಲೋ ಸವೆಯುತ್ತಿದೆ ಎಂದು ಅರ್ಥ. ಏನೂ ಆಗದಿರಲಿ ಎಂದು ರಾತ್ರಿಯಿಡೀ ಕಾಯುವುದೂ ಒಂದು ಕಸುಬು ಎಂದು ಇಲ್ಲಿ ನಿಂತಾಗಲೇ ತಿಳಿಯುತ್ತದೆ.

"ಏನಕ್ಕಾ, ನಿನ್ನ ಮಕ್ಕಳೆಲ್ಲ ಚೆನ್ನಾಗಿ ನಿದ್ದೆ ಮಾಡಿದ್ವಾ?" ಎದುರಿನ ಚಹಾದ ಖಮೀಸ್ ಕೆಟಲಿಗೆ ಮರಮಿಯಾ ಸೊಪ್ಪು ಹಾಕುತ್ತಾ ಕೂಗುತ್ತಾನೆ.

"ಒಂದು ಮಾತ್ರ ರಾತ್ರಿಯೆಲ್ಲ ಹೊರಳಾಡಿದೆ. ಅದನ್ನ ಇವತ್ತೇ ಕೆಲಸದಿಂದ ಬಿಡಿಸ್ತೀನಿ."

"ನನ್ನನ್ನೂ ಒಂದಿನ ಅಳೆದು ನೋಡು."

"ನಿನಗೆ ಮೀಟರ್ ಯಾಕೋ? ನೋಡಿದ್ರೇ ಗೊತ್ತಾಗುತ್ತೆ, ಖಾಲಿ ಅಂತ."

ಸಿಗರೇಟು ಬಿಟ್ಟು ವೇಪ್, ಅಂದರೆ ಬ್ಯಾಟರಿ ಸಿಗರೇಟು, ಹಿಡಿದವರು ಈ ಊರಿನ ಗಲ್ಲಿಗಲ್ಲಿಯಲ್ಲೂ ಇದ್ದಾರೆ. ಅವರ ಕೈಯ ಸಾಧನ ಉಸಿರಾಡುವುದು ಒಳಗಿರುವ ಈ ಲಿಥಿಯಂ ಬ್ಯಾಟರಿಗಳಿಂದ. ದಿನಕ್ಕೆ ಮೂವತ್ತು ನಲವತ್ತು ಬ್ಯಾಟರಿಗಳು ರಿಹಾಬರ ಕೈ ದಾಟಿ ಹೋಗುತ್ತವೆ. ಹರಿದ ಮೇಲುಹೊದಿಕೆ ಕಿತ್ತು ಹೊಸದು ತೊಡಿಸುವುದು, ತುದಿಯ ಮಸಿ ಒರೆಸುವುದು, ಸಮಬಲದವನ್ನು ಹುಡುಕಿ ಜೋಡಿ ಮಾಡುವುದು ಅವರ ಕೆಲಸ. ಜೋಡಿ ಮಾಡುವುದಕ್ಕೆ ಇಲ್ಲಿ ಮದುವೆ ಎನ್ನುತ್ತಾರೆ. ಜೋಡಿಗೆ ಒಂದೇ ಬಣ್ಣದ ಅಂಗಿ. ತುಂಬುವಾಗಲೂ ಒಟ್ಟಿಗೆ, ದುಡಿಯುವಾಗಲೂ ಒಟ್ಟಿಗೆ. ಒಂದು ಸತ್ತರೆ ಉಳಿದದ್ದಕ್ಕೆ ಮರುಮದುವೆ ಇಲ್ಲ. ಅದು ಒಂಟಿ ಬ್ಯಾಟರಿಯ ಟಾರ್ಚಿಗೆ ಹೋಗುತ್ತದೆ.

ಈ ಕಸುಬಿಗೆ ಅವರು ಬಂದದ್ದು ಮಿಠಾಯಿಯ ದಾರಿಯಿಂದ. ಹಬ್ಬದ ಮಿಠಾಯಿಗಳಿಗೆ ಬಣ್ಣದ ಹಾಳೆ ಸುತ್ತುವ ಕೆಲಸದಲ್ಲಿ ಅವರ ಯೌವನ ಕಳೆದಿದೆ. ಆ ಮಿಠಾಯಿ ಅಂಗಡಿ ಮುಚ್ಚಿದ ಮೇಲೆ, ಪಕ್ಕದ ವೇಪ್ ಅಂಗಡಿಯವನು ಹರಿದ ಬ್ಯಾಟರಿಗಳನ್ನು ತಂದು ಮುಂದೆ ಸುರಿದನಂತೆ. "'ಸುತ್ತಿ ಕೊಡಮ್ಮಾ, ಒಳಗೇನಿದೆ ಅಂತ ಕೇಳಬೇಡ' ಅಂದ. ನನಗೆ ಅದೇ ಆಗಲ್ಲ ನೋಡಿ. ಯಾವುದು ಬೇಗ ವಾಪಸ್ ಬರುತ್ತೆ, ಯಾವುದು ಬರೋದೇ ಇಲ್ಲ ಅಂತ ಬಣ್ಣದ ಮೇಲೆ ಗುರುತಿಟ್ಕೊಂಡೆ. ಬೇಗ ಬರ್ತಿದ್ದವೆಲ್ಲ ಬಿಸಿಲಲ್ಲಿ ಬೆಂದವು, ಇಲ್ಲಾ ಪೂರ್ತಿ ಖಾಲಿ ಮಾಡಿ ಬಿಸಾಕಿದವು."

ಅವರ ಬಲ ಮಣಿಕಟ್ಟಿನಲ್ಲಿ ಸುಟ್ಟ ಗಾಯದ ಹೊಳೆಯುವ ಕಲೆಯಿದೆ. ತಳ ಮುಟ್ಟುವಷ್ಟು ಬರಿದಾದ ಬ್ಯಾಟರಿಯೊಂದನ್ನು ಕರುಣೆಯಿಂದ ಮತ್ತೆ ತುಂಬಲು ಹೋದಾಗ ಆದದ್ದು. ಅದು ಮೊದಲು ಬುಸುಗುಟ್ಟಿತು, ಆಮೇಲೆ ಮೇಜು ಸುಟ್ಟಿತು. ಅಂದಿನಿಂದ ಸತ್ತದ್ದನ್ನು ಎಬ್ಬಿಸುವ ಕೆಲಸಕ್ಕೆ ಅವರು ಕೈ ಹಾಕುವುದಿಲ್ಲ.

ಬೇಸಿಗೆ ಉರಿಯುತ್ತಿರುವ ಒಂದು ಬೆಳಿಗ್ಗೆ ಟ್ಯಾಕ್ಸಿ ಓಡಿಸುವ ಅಬೂ ರಕಾನ್ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಬರುತ್ತಾನೆ. ವಸಂತದಲ್ಲಿ ಅವನ ಎದೆಯ ರಕ್ತನಾಳಕ್ಕೆ ಸ್ಟೆಂಟ್ ಎಂಬ ಪುಟ್ಟ ಬಲೆ ಕೂರಿಸಿದ್ದಾರೆ. ಮತ್ತೆ ಸಿಗರೇಟು ಹಚ್ಚುವುದಾದರೆ ತನ್ನ ಬಾಗಿಲಿಗೆ ಬರಬೇಡ ಎಂದು ಡಾಕ್ಟರು ಹೇಳಿದ್ದಾರೆ. ಅಂದಿನಿಂದ ಅವನನ್ನು ಸಿಗರೇಟಿನಿಂದ ದೂರ ಹಿಡಿದಿರುವುದು ಕೈಯಲ್ಲಿರುವ ಈ ವೇಪ್ ಒಂದೇ. ಅದೀಗ ಮಧ್ಯಾಹ್ನಕ್ಕೇ ಆರಿಹೋಗುತ್ತಿದೆ.

ರಿಹಾಬ್ ಅದರ ಹಿಂಬದಿ ತೆರೆದು ನೋಡುತ್ತಾರೆ. ಒಂದು ಬ್ಯಾಟರಿ ಹಸಿರು, ಇನ್ನೊಂದು ನೇರಳೆ.

"ಇದೇನು ಮಾಡಿದ್ದೀಯ?"

"ಒಂದು ಸುಸ್ತಾಗಿತ್ತು, ಟಾರ್ಚಿನದು ಕಿತ್ತು ಹಾಕಿದೆ. ಬ್ಯಾಟರಿ ಬ್ಯಾಟರಿನೇ ಅಲ್ವಾ?"

"ಮುದಿ ಕತ್ತೆ, ಎಳೇ ಕುದುರೆ ಒಂದೇ ಗಾಡಿಗೆ ಕಟ್ಟಿದ್ದೀಯ. ತುಂಬೋದು ಎಲ್ಲಿ?"

"ಗಾಡಿಯಲ್ಲೇ. ಗಾಜಿನ ಕೆಳಗೆ ಇಟ್ಟಿರ್ತೀನಿ, ತಂತಿ ಯಾವಾಗ್ಲೂ ಸಿಕ್ಕಿಸಿರ್ತೀನಿ. ಪೂರ್ತಿ ತುಂಬಿರಬೇಕಪ್ಪ. ಅರ್ಧಕ್ಕೆ ಬಂದ್ರೆ ನನ್ನ ಎದೆ ಹೊಡ್ಕೊಳ್ಳುತ್ತೆ."

ಮುಂಗಾಜಿನ ಕೆಳಗಿನ ಆ ಬಿಸಿಲಿನಲ್ಲಿ, ತುಳುಕುವಷ್ಟು ತುಂಬಿಸಿಟ್ಟು, ಮುಗಿದುಹೋದೀತೆಂಬ ಭಯದಲ್ಲೇ ಅವನು ಅದನ್ನು ಮುಗಿಸುತ್ತಾ ಬಂದಿದ್ದಾನೆ. ಹಸಿರು ಬ್ಯಾಟರಿ ತಳ ಮುಟ್ಟಿದೆ. ರಿಹಾಬ್ ಅದನ್ನು ಬೆಂಕಿ ಹತ್ತದಂತೆ ಮರಳಿನ ಡಬ್ಬಿಗೆ ಹಾಕುತ್ತಾರೆ.

"ಅಕ್ಕಾ, ಇವತ್ತೊಂದು ದಿನಕ್ಕೆ ಎಬ್ಬಿಸಿ ಕೊಡು."

"ಇಲ್ಲ."

"ಹಾಗಾದ್ರೆ ಮಧ್ಯಾಹ್ನ ಸಿಗರೇಟು ಹಚ್ಚೋದೇ. ಆ ಪಾಪ ನಿನಗೇ."

ಖಮೀಸ್ ಲೋಟ ಒರೆಸುವುದನ್ನು ನಿಲ್ಲಿಸುತ್ತಾನೆ. ರಿಹಾಬ್ ಕೆಳಗಿನ ಮಡಕೆಗೆ ಕೈ ಹಾಕಿ ಬಂಗಾರದ ಬಣ್ಣದ ಜೋಡಿಯೊಂದನ್ನು ತೆಗೆಯುತ್ತಾರೆ. ತಾವು ಮೊಟ್ಟಮೊದಲು ಹೊಂದಿಸಿದ ಜೋಡಿ. ವರ್ಷಗಳಿಂದ ಅರ್ಧ ತುಂಬಿಸಿ, ತಂಪಿನಲ್ಲಿ ಮಲಗಿಸಿ, ಆಗಾಗ ಎಬ್ಬಿಸಿ ಮಾತಾಡಿಸಿ ಕಾದುಕೊಂಡದ್ದು. ಯಾರು ಕೇಳಿದರೂ ಮಾರಿದ್ದಲ್ಲ.

"ಸಾಲ ಇದು. ದಿನಾ ಬೆಳಿಗ್ಗೆ ಇಲ್ಲೇ ಬಂದು ತುಂಬಿಸ್ಕೋ, ಮುಕ್ಕಾಲು ಮಾತ್ರ. ಜೇಬಲ್ಲಿಟ್ಕೋ, ಗಾಜಿನ ಕೆಳಗಲ್ಲ. ನಿನ್ನ ವೇಪಿನ ಶಾಖನೂ ತಗ್ಗಿಸಿದ್ದೀನಿ."

"ಹೊಗೆ ಕಮ್ಮಿ ಬರುತ್ತಲ್ಲ!"

"ನೀನೇನು ರೈಲಾ?"

ಅವನು ಇಳಿದುಹೋದ ಮೇಲೆ ಖಮೀಸ್ ಕೇಳುತ್ತಾನೆ: "ಅದನ್ನೂ ಬಿಸಿಲಲ್ಲಿಟ್ಟು ಬೇಯಿಸಿಬಿಟ್ರೆ?"

"ಬೇಯಿಸಿದ್ರೆ ಬೆಂತು. ಮಡಕೆಯಲ್ಲಿಟ್ಟು ಪೂಜೆ ಮಾಡೋಕೆ ಅದೇನು ಬಂಗಾರವಾ?" ಹಾಗಂದರೂ ಅಂದು ಮಧ್ಯಾಹ್ನ ಅವರು ಊಟದ ಬುತ್ತಿ ಬಿಚ್ಚುವುದಿಲ್ಲ.

ಮರುದಿನ ಅಬೂ ರಕಾನ್ ಬರುತ್ತಾನೆ. ಅದರ ಮರುದಿನವೂ. ಬ್ಯಾಟರಿ ತುಂಬುವಷ್ಟು ಹೊತ್ತು ಚಹಾ ಕುಡಿಯುತ್ತಾ, ಎಳ್ಳು ಮೆತ್ತಿದ ಕಅಕ್ ರೊಟ್ಟಿ ಮುರಿದು ತಿನ್ನುತ್ತಾ ಕೂರುತ್ತಾನೆ. ಮೊದಮೊದಲು ಕಾಲು ಕುಣಿಸುತ್ತಿದ್ದವನು ದಿನ ಕಳೆದಂತೆ ಸುಮ್ಮನೆ ಕೂರಲು ಕಲಿಯುತ್ತಾನೆ. ಕೆಳಗೆ ಸಿಲಿಂಡರ್ ಮಾರುವ ಗ್ಯಾಸ್ ಗಾಡಿಯ ರಾಗ ಬೀದಿಯಿಂದ ಬೀದಿಗೆ ದಾಟುತ್ತಾ ಹೋಗುತ್ತದೆ.

ಬೇಸಿಗೆ ಸೋಲುತ್ತಿರುವ ಈ ಬೆಳಿಗ್ಗೆಯೂ ಅವನು ಬಂದಿದ್ದಾನೆ. ಮೆಟ್ಟಿಲು ಹತ್ತಿದ್ದರೂ ಏದುಸಿರಿಲ್ಲ.

"ಎಷ್ಟು ಉಳಿದಿದೆ?" ರಿಹಾಬ್ ಕೇಳುತ್ತಾರೆ.

"ಅರ್ಧಕ್ಕಿಂತ ಸ್ವಲ್ಪ ಕಮ್ಮಿ."

"ಭಯ?"

"ಅದೂ ಅಷ್ಟೇ. ಅರ್ಧಕ್ಕಿಂತ ಸ್ವಲ್ಪ ಕಮ್ಮಿ."

"ಸಿಗರೇಟು?"

ಅವನು ಮುಖ ಮುಂದೆ ತರುತ್ತಾನೆ. "ಮೂಸಿ ನೋಡು ಬೇಕಾದ್ರೆ." ಖಮೀಸ್ ತಾನೇ ಹೋಗಿ ಮೂಸಿ, ಈರುಳ್ಳಿ ಎಂದು ತೀರ್ಪು ಕೊಡುತ್ತಾನೆ.

ರಿಹಾಬ್ ಬಂಗಾರದ ಜೋಡಿಯನ್ನು ಮೇಜಿನ ಮೇಲೆ ಮಲಗಿಸಿ ಮೀಟರು ತಾಗಿಸುತ್ತಾರೆ. ಮೊದಲನೆಯದು. ಎರಡನೆಯದು. ಬೇಸಿಗೆಯಿಡೀ ಅಮ್ಮಾನಿನ ಏರಿಳಿತಗಳಲ್ಲಿ ಓಡಾಡಿ ಬಂದ ಎರಡೂ ಒಂದೇ ಅಂಕಿ ತೋರಿಸುತ್ತವೆ, ಕೊನೆಯ ಅಂಕಿಯವರೆಗೂ. ಅವರು ಮೀಟರನ್ನು ತಟ್ಟಿ ಮತ್ತೆ ಅಳೆಯುತ್ತಾರೆ. ಅದೇ ಅಂಕಿ. ಇಷ್ಟು ವರ್ಷಗಳ ಮೇಲೂ ಅವರ ಕೈ ಕ್ಷಣ ಹೊತ್ತು ಗಾಳಿಯಲ್ಲೇ ನಿಲ್ಲುತ್ತದೆ.

"ನೋಡಿ, ಒಂದನ್ನ ಬಿಟ್ಟು ಒಂದು ಮುಂದೆ ಹೋಗಿಲ್ಲ," ಎನ್ನುತ್ತಾರೆ ಮೆಲ್ಲಗೆ.

ನಿಮಗೇನಾದರೂ ಆಸೆ ಉಳಿದಿದೆಯೇ ಎಂದು ನಾನು ಕೇಳಿದರೆ ಅವರು ತಲೆಯೆತ್ತಿ ಅಂಗಡಿಯ ಮೇಲಿನ ಬರಿದಾದ ಕಬ್ಬಿಣದ ಸರಳುಗಳನ್ನು ನೋಡುತ್ತಾರೆ. "ಮಧ್ಯಾಹ್ನ ಬಿಸಿಲು ನೇರ ಒಳಗೇ ಬರುತ್ತೆ. ಇಲ್ಲೊಂದಿಷ್ಟು ನೆರಳಾದ್ರೆ ಸಾಕು."

ಅಬೂ ರಕಾನ್ ಎದ್ದು, ಎರಡೂ ಕೈ ಚಾಚಿ ಸರಳುಗಳ ಅಗಲ ಅಳೆಯುತ್ತಾನೆ. "ಗಾಡಿಗೆ ಹೊದಿಸೋ ಹಳೇ ಟಾರ್ಪಾಲಿದೆ ಅಕ್ಕಾ. ನಿನಗೆ ಸರಿಹೋಗುತ್ತೆ."

"ನನಗಲ್ಲ ಮಾರಾಯ," ಎನ್ನುತ್ತಾರೆ ರಿಹಾಬ್, ಮಡಕೆಯ ಮುಚ್ಚಳ ಮುಚ್ಚುತ್ತಾ. "ಬಿಸಿಲು ನನಗೆ ಅಭ್ಯಾಸ. ಇವಕ್ಕೆ."