ಜಲಜಾಕ್ಷಿ ಟೀಚರ್ ಮತ್ತು ಸಂಕ ದಾಟಿದ ಪುಸ್ತಕ

ಗಡಿನಾಡಿನಲ್ಲಿ ಶಿಶುಶಿಕ್ಷಣವೆಂದರೆ ಅಕ್ಷರ ತಿದ್ದಿಸುವುದಕ್ಕೂ ಮೊದಲು ಮಗುವಿನ ಮನೆಮಾತಿಗೆ ಕಿವಿಗೊಡುವುದು ಎಂದು ನಂಬಿ, ಹದಿನೆಂಟು ವರ್ಷ ಹಾಗೆಯೇ ನಡೆದುಕೊಂಡವರು ಪುತ್ತಿಗೆಯ ಅಂಗನವಾಡಿಯ ಜಲಜಾಕ್ಷಿ ಟೀಚರ್. 2001ರಲ್ಲಿ ಅವರು ಸೇರಿದಾಗ ಕಪಾಟಿನಲ್ಲಿದ್ದ ಚಿತ್ರಪುಸ್ತಕಗಳೆಲ್ಲ ಮಲಯಾಳದವು. ಚಾಪೆಯ ಮೇಲೆ ಕುಳಿತವರು ತುಳು ಮಾತಾಡುವ ಮಕ್ಕಳು. ಟೀಚರ್ ಸಾಲುಗಳ ಮೇಲೆ ಕನ್ನಡದ ಚೀಟಿ ಅಂಟಿಸಿದರು, ಬಾಯಲ್ಲಿ ತುಳುವಿನಲ್ಲೇ ಹೇಳಿದರು. ಆಮೆಗೆ ಜೊತೆಯಾಗುವ ಏಡಿ, ಜ್ವರ ಬಂದ ಮೊಲವನ್ನು ನೋಡಲು ಹೋಗುವ ಅಳಿಲು, ಇಂಥ ಮೆತ್ತನೆಯ ಸ್ನೇಹದ ಕಥೆಗಳೇ ಅವರಿಗಿಷ್ಟ. ಆದರೆ ಓದುವಾಗಲೂ ಅವರ ಕಣ್ಣು ಬಾಗಿಲಲ್ಲಿ, ಮನಸ್ಸು ತಲೆ ಎಣಿಸುವುದರಲ್ಲಿ.

2007ರ ಜುಲೈಯ ಒಂದು ಮಧ್ಯಾಹ್ನ ಗಂಜಿ ಬಡಿಸುವಾಗ ಒಂದು ತಲೆ ಕಡಿಮೆ ಬಂತು. ನಾಲ್ಕು ವರ್ಷದ ಭವ್ಯಶ್ರೀ ಇರಲಿಲ್ಲ; ಮೊಲದ ಪುಸ್ತಕವೂ ಇರಲಿಲ್ಲ. ಉಳಿದವರನ್ನು ಸಹಾಯಕಿ ಪುಷ್ಪಾವತಿಯವರಿಗೆ ಒಪ್ಪಿಸಿ ಟೀಚರ್ ಕೊಡೆಯಿಲ್ಲದೆ ತೋಡಿನ ಕಡೆಗೆ ಓಡಿದರು. ತೋಡು ತುಂಬಿ ಹರಿಯುತ್ತಿತ್ತು. ಮೇಲಿನ ಸಂಕವೆಂದರೆ ದಾಟಲು ಅಡ್ಡ ಹಾಕಿದ ಎರಡು ಮರದ ಕಾಂಡ, ಅಷ್ಟೇ. ದಾಟುವಾಗ ನೀರಿನ ಕಡೆ ನೋಡಲು ಅವರಿಗೆ ಧೈರ್ಯ ಬರಲಿಲ್ಲ.

ಆಚೆ ದಂಡೆಯ ಮನೆಯ ಜಗಲಿಯಲ್ಲಿ, ವಾರದಿಂದ ಜ್ವರ ಹಿಡಿದಿದ್ದ ಅಂಗನವಾಡಿಯ ಗೆಳೆಯ ಯತಿನನ ಪಕ್ಕ ಕುಳಿತು ಹುಡುಗಿ ಪುಟ ತಿರುಗಿಸುತ್ತಿದ್ದಳು.

"ಅಳಿಲು ಹೋಯ್ತಲ್ಲ ಟೀಚರೇ," ಎಂದಳು. "ಅದಕ್ಕೆ ನಾನೂ ಬಂದೆ."

ಟೀಚರ್ ಅವಳನ್ನು ಸೊಂಟಕ್ಕೇರಿಸಿಕೊಂಡು ಮತ್ತೆ ಸಂಕ ದಾಟಿದರು.

ಸಂಜೆ ಭವ್ಯಶ್ರೀಯ ತಂದೆ ಜಯಪಾಲರು ಬಂದರು. ದನಿ ಏರಿಸದೆಯೇ, "ನಿಮ್ಮ ಪುಸ್ತಕ ಎಂತದೂ ಬೇಡ ಟೀಚರೇ, ಮಕ್ಕಳನ್ನು ನೋಡಿಕೊಂಡರೆ ಸಾಕು," ಎಂದರು. ತಪ್ಪು ತನ್ನದೆಂದು ಟೀಚರ್ ಒಪ್ಪಿದರು, ಪುಸ್ತಕಗಳನ್ನು ಕಪಾಟಿಗಿಟ್ಟು ಬೀಗ ಹಾಕಿದರು. ಮೂರು ವಾರ ಅವರಿಗೆ ಕೂತಲ್ಲಿ ಕೂರಲಾಗಲಿಲ್ಲ. ಒಳ್ಳೆಯದನ್ನು ಹೇಳಿಕೊಟ್ಟೇ ಮಗುವನ್ನು ನೀರಿನ ಬಾಯಿಗೆ ಕಳಿಸಿದೆನೇ, ಹೇಳಿಕೊಡದಿದ್ದರೆ ನಾನಿಲ್ಲಿ ಇರುವುದು ಯಾತಕ್ಕೆ? ಅವರು ರಾಜೀನಾಮೆ ಬರೆದು ಹರಿದದ್ದನ್ನು ಪುಷ್ಪಾವತಿಯವರು ಕಂಡಿದ್ದಾರೆ, ಅದೂ ಎರಡು ಸಲ.

ನಾಲ್ಕನೆಯ ವಾರ ತೋಡಿನ ಕಡೆಯಿಂದ ಕತ್ತಿಯ ಸದ್ದು ಕೇಳಿತು. ಟೀಚರ್ ಹೋಗಿ ನೋಡಿದರೆ ಜಯಪಾಲರೂ ಯತಿನನ ತಂದೆ ವಾಸಪ್ಪನವರೂ ಸಂಕದ ಎರಡೂ ಬದಿಗೆ ಹಿಡಿದು ನಡೆಯಲು ಬಿದಿರಿನ ಕೈತಾಂಗು ಕಟ್ಟುತ್ತಿದ್ದರು. ಗೆಳೆಯನ ಮನೆಗೆ ಹೋಗಲೇಬೇಕೆಂದು ಮಗಳು ದಿನಾ ಹಟ ಮಾಡುತ್ತಾಳೆ, ತಡೆಯಲು ತನ್ನಿಂದಾಗದು ಎಂದು ಜಯಪಾಲರು ಹೇಳಿಕೊಂಡರು. ಕತ್ತಿ ಕೆಳಗಿಟ್ಟು ಮುಂದುವರಿಸಿದರು: "ಪುಸ್ತಕ ಹೊರಗೆ ತೆಗೆಯಿರಿ. ಒಬ್ಬಳೇ ಹೋಗಬಾರದು ಅಂತ ಅದಕ್ಕೊಂದು ಪುಟ ಸೇರಿಸಿ."

ಟೀಚರ್ ಸೇರಿಸಿದರು. ಅಳಿಲಿನ ಕೈ ಹಿಡಿದ ತಾಯಿ ಅಳಿಲು ಅವರ ಕೈಯಲ್ಲಿ ಮುಂಗುಸಿಯಂತೆ ಮೂಡಿತು. ಮಕ್ಕಳು ತಕರಾರು ಮಾಡಲಿಲ್ಲ. ಅಂದಿನಿಂದ ಯಾವ ಮಗು ಮೂರು ದಿನ ಬಾರದಿದ್ದರೂ ಇಡೀ ಅಂಗನವಾಡಿಯೇ ಹಗ್ಗ ಹಿಡಿದು ಸಾಲಾಗಿ ಆ ಮನೆಗೆ ಹೋಗುವುದು ರೂಢಿಯಾಯಿತು.

ಈ ಏಪ್ರಿಲಿನಲ್ಲಿ ನಿವೃತ್ತರಾದ ಟೀಚರ್ ಮೇ ತಿಂಗಳಿಗಾಗಲೇ ಬಸ್ಸು ಹತ್ತಿ ಮೊಗ್ರಾಲಿನ ಮಕ್ಕಳಿಗೆ ಕಥೆ ಹೇಳಲು ಹೊರಟಿದ್ದಾರೆ. ಅಲ್ಲಿನ ಮನೆಮಾತು ಅವರಿಗೆ ಹೊಸತು. ತಪ್ಪಿದಾಗಲೆಲ್ಲ ನಾಲ್ಕು ವರ್ಷದವರು ತಿದ್ದುತ್ತಾರಂತೆ. ಟೀಚರಿಗೆ ದೀರ್ಘಾಯುಷ್ಯವೂ ಕಾಲಿಗೆ ಬಲವೂ ಇರಲಿ. ಆ ಪುಟ್ಟ ಗುರುಗಳು ಅವರನ್ನು ಬಹುಕಾಲ ತಿದ್ದುತ್ತಿರಲಿ.