ಗೇರಣ್ಣನ ವಿಮಾನದ ಸದ್ದು ಕದ್ದವರು

ಮೂವತ್ತೊಂದು ವರ್ಷ ಬಸ್ಸು ಓಡಿಸಿದ ಗೇರಣ್ಣನಿಗೆ ಆ ಹೆಸರಿಟ್ಟವರು ಡಿಪೋದ ಮೆಕ್ಯಾನಿಕ್ಕುಗಳು. ಗೋಡೆಯಾಚೆ ಹಾದುಹೋಗುವ ಬಸ್ಸಿನ ಸದ್ದು ಕೇಳಿಯೇ ಅದು ಎಷ್ಟನೇ ಗೇರಿನಲ್ಲಿದೆ, ಓಡಿಸುತ್ತಿರುವ ಸೋಮಾರಿ ಯಾರು ಎಂದು ಹೇಳಿಬಿಡುತ್ತಿದ್ದ. ಕಿವಿಯಷ್ಟೇ ಚುರುಕಾದದ್ದು ಅವನ ಅನುಮಾನ. ಪಾಳಿ ಮುಗಿಸಿ ಇಳಿಯುವಾಗ ಸೀಟಿನ ದಿಂಬು, ಒರೆಸುವ ಬಟ್ಟೆ, ಒಳಗಿನ ಪುಟ್ಟ ಕನ್ನಡಿ ಎಲ್ಲವನ್ನೂ ಬಿಚ್ಚಿ ತನ್ನ ಪೆಟ್ಟಿಗೆಗೆ ಹಾಕಿ ಬೀಗ ಜಡಿಯುತ್ತಿದ್ದ. ಬಿಟ್ಟು ಬಂದದ್ದು ಮುಂದಿನ ಪಾಳಿಯವನ ಪಾಲು ಎಂಬುದು ಅವನ ಅನುಭವ. ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ.

ನಿವೃತ್ತನಾದ ಮೇಲೆ ಗೇರಣ್ಣ ವಿಮಾನಕ್ಕೆ ಕೈಹಚ್ಚಿದ. ನಿಜವಾದ ವಿಮಾನವಲ್ಲ, ಮಲಗುವ ಕೋಣೆಯ ಕಿಟಕಿ ಪಕ್ಕದ ಕಂಪ್ಯೂಟರಿನೊಳಗಿನದು. ಅದನ್ನು ಯಾರಾದರೂ ಆಟವೆಂದರೆ ಅವನಿಗೆ ಸಿಟ್ಟು ಬರುತ್ತಿತ್ತು. ಇಂಟರ್‌ನೆಟ್ಟಿನ ಒಂದು ಹಾರಾಟದ ಕ್ಲಬ್ಬಿಗೆ ಸೇರಲು ಅರ್ಜಿ ಹಾಕಿದ. ಅಲ್ಲಿ ಪರೀಕ್ಷೆಯಿತ್ತು. ಪರೀಕ್ಷಕ ವಿಮಾನ ನಿಲ್ದಾಣದ ಟವರಿನವನಾಗಿ ಮಾತಾಡುತ್ತಾನೆ, ಅವನು ಹೇಳಿದಂತೆ ಏರಿ, ಸುತ್ತಿ, ಇಳಿಸಬೇಕು. ಒಟ್ಟು ಮೂರು ಅವಕಾಶ. ಗೇರಣ್ಣ ಎರಡು ಕಳೆದುಕೊಂಡಿದ್ದ, ವಿಮಾನ ಬೀಳಿಸಿಯಲ್ಲ, ಸದ್ದು ಕೈಕೊಟ್ಟು. ಮೊದಲ ಸಲ ಟವರಿನ ಮಾತು ಎಂಜಿನ್ನಿನ ಗದ್ದಲದಲ್ಲಿ ಮುಳುಗಿಹೋಯಿತು. ಎರಡನೆಯ ಸಲ ಇವನ ಮಾತು ಅವರಿಗೆ ಮುಟ್ಟಲೇ ಇಲ್ಲ. ಮೂರನೆಯದೂ ಕೆಟ್ಟರೆ ಅರ್ಜಿಯೇ ರದ್ದು.

ರಿಪೇರಿಗೆ ಬಂದವನು ಹೆಂಡತಿಯ ತಮ್ಮ, ಶಾಲೆಯೊಂದರ ಕಂಪ್ಯೂಟರ್ ಕೋಣೆ ನೋಡಿಕೊಳ್ಳುವವನು. ಎಂಜಿನ್ನಿನ ಸದ್ದು ಮೇಜಿನ ಸ್ಪೀಕರಿಗೆ, ಟವರಿನ ಮಾತು ಹೆಡ್‌ಫೋನಿಗೆ, ಭಾವನ ಮಾತು ಹೆಡ್‌ಫೋನಿನ ಮೈಕಿಗೆ ಎಂದು ಹಂಚಿಕೊಟ್ಟ. ಅವನು ಇರುವಷ್ಟು ಹೊತ್ತು ಎಲ್ಲ ಸರಿ. ಮರುದಿನ ಮತ್ತೆ ತಲೆಕೆಳಗು. ಹೀಗೆ ಮೂರು ಸಲ.

"ನೀನಿದ್ದಾಗ ಸರಿ ಇರತ್ತೆ, ನೀನು ಮೆಟ್ಟಿಲಿಳಿದ ಮೇಲೆ ಕೆಡತ್ತೆ. ಇದಕ್ಕೇನಂತಾರೆ?" ಎಂದ ಗೇರಣ್ಣ.

"ಹಣೆಬರಹ ಅಂತಾರೆ ಭಾವ."

"ನಮ್ಮ ಡಿಪೋದಲ್ಲಿ ಕೈವಾಡ ಅಂತಿದ್ರು."

"ಹಾಗಾದ್ರೆ ಡಿಪೋದವರನ್ನೇ ಕರೆಸ್ಕೊಳ್ಳಿ," ಎಂದು ಬಾಮೈದ ಚೀಲ ಹೆಗಲಿಗೇರಿಸಿ ಹೊರಟುಹೋದ.

ಈಗ ಅನುಮಾನಕ್ಕೆ ಉಳಿದವಳು ಹೆಂಡತಿ. ಮಧ್ಯಾಹ್ನ ಒಂದು ಗಳಿಗೆ ಕಣ್ಣು ಮುಚ್ಚಿದರೆ ತಲೆಯ ಮೇಲೇ ವಿಮಾನ ಇಳಿಯುತ್ತದೆ ಎಂದು ಗೊಣಗುತ್ತಿದ್ದವಳು. ಕಾರಣವೂ ಇತ್ತು, ಅವಕಾಶವೂ ಇತ್ತು. ಗೇರಣ್ಣ ಕೀಲಿಮಣೆಯ ಮೇಲೆ ತೆಳ್ಳಗೆ ಮುಖದ ಪೌಡರ್ ಉದುರಿಸಿದ. ಬೆಳಿಗ್ಗೆ ನೋಡಿದರೆ ಬೆರಳಿನ ಗುರುತಿಲ್ಲ. ಮುಟ್ಟಿದ ಮೇಲೆ ಹೊಸದಾಗಿ ಉದುರಿಸಿದ್ದಾಳೆ, ಪಾಕಡಾ ಎಂದುಕೊಂಡ. ಅನುಮಾನ ಹೊಕ್ಕ ತಲೆಗೆ ಸಾಕ್ಷಿ ಸಿಗದಿರುವುದೂ ಒಂದು ಸಾಕ್ಷಿಯೇ.

ಪರೀಕ್ಷೆಯ ದಿನ ಬಂತು. ಹನ್ನೊಂದಕ್ಕೆ ಹಾರಬೇಕು. ಹತ್ತೂವರೆಗೆ ಬೀರುವಿನ ಬೀಗ ತೆಗೆದು ಹೆಡ್‌ಫೋನು ಹೊರತೆಗೆದ, ಕಂಪ್ಯೂಟರಿನ ಹಿಂದೆ ಬಗ್ಗಿ ಚುಚ್ಚಿದ. ಪರೀಕ್ಷಿಸಿದರೆ ಎಂಜಿನ್ನು ಕಿವಿಯೊಳಗೆ ಗುಡುಗುತ್ತಿತ್ತು, ಮೈಕು ಸತ್ತಿತ್ತು.

"ಇದನ್ನ ಮುಟ್ಟಿದ್ದು ಯಾರು?"

ಬಾಗಿಲಲ್ಲಿ ಬಟ್ಟೆ ಮಡಿಸುತ್ತಿದ್ದ ಹೆಂಡತಿ ತಲೆಯೆತ್ತಲಿಲ್ಲ. "ನೀವೇ."

"ನಾನಾ?"

"ನನ್ನ ಪೌಡರ್ ಡಬ್ಬಿ ಅರ್ಧ ಖಾಲಿಯಾದಾಗಲೇ ನಿಮ್ಮ ಮೇಲೆ ಕಣ್ಣಿಟ್ಟಿದ್ದೆ. ಮೊನ್ನೆ ಮೇಲಿನ ತೂತು, ನಿನ್ನೆ ಪಕ್ಕದ್ದು, ಇವತ್ತು ಹಿಂದಿಂದು. ಸಿಕ್ಕಿದ್ದಕ್ಕೆ ಚುಚ್ತೀರಿ."

"ಎಲ್ಲಾ ತೂತೂ ಒಂದೇ ತಾನೆ?"

"ಅದನ್ನ ಗೊತ್ತಿರೋನನ್ನ ಕೇಳಿ," ಎಂದು ಅವಳು ತಮ್ಮನಿಗೆ ಫೋನು ಹಚ್ಚಿ ಗಂಡನ ಮುಂದಿಟ್ಟಳು.

ಬಾಮೈದ ಎಲ್ಲವನ್ನೂ ಕೇಳಿಸಿಕೊಂಡ. "ಭಾವ, ಅದನ್ನ ದಿನಾ ಬಿಚ್ತೀರಾ?"

"ಬಿಚ್ಚದೆ? ಬೀರುಲಿಟ್ಟು ಬೀಗ ಹಾಕ್ತೀನಿ."

"ಯಾಕೆ?"

ಯಾರ ಭಯಕ್ಕೆ ಬೀಗ ಹಾಕಿದನೋ ಅವರಲ್ಲೊಬ್ಬ ಫೋನಿನಲ್ಲಿ, ಇನ್ನೊಬ್ಬಳು ಎದುರಿಗೆ. ಗೇರಣ್ಣ ಗಂಟಲು ಸರಿಮಾಡಿಕೊಂಡ. "ಧೂಳು."

"ಬೇರೆ ತೂತಿಗೆ ಚುಚ್ಚಿದ್ರೆ ಕಂಪ್ಯೂಟರಿಗೆ ಅದು ಬೇರೆ ಹೆಡ್‌ಫೋನು ಭಾವ. ನಾನು ಹೇಳಿಕೊಟ್ಟಿದ್ದೆಲ್ಲ ಹಳೇದಕ್ಕೆ. ವಿಮಾನ ಪೂರ್ತಿ ಮುಚ್ಚಿ. ಮುಂದ್ಗಡೆ, ಪವರ್ ಬಟನ್ ಪಕ್ಕ, ನಾನು ಹಾಕಿದ್ದ ತೂತಿಗೇ ಹಾಕಿ. ಆಮೇಲೆ ತೆರೀರಿ."

ಇದೂ ತನ್ನನ್ನು ಕೆಡವುವ ಉಪಾಯವೇ ಎಂದು ಗೇರಣ್ಣ ಯೋಚಿಸಿದ. ಗಡಿಯಾರ ಹನ್ನೊಂದಕ್ಕೆ ಎಂಟು ನಿಮಿಷ ತೋರಿಸುತ್ತಿತ್ತು, ಅನುಮಾನಕ್ಕೂ ಪುರುಸೊತ್ತು ಬೇಕು. ಹೇಳಿದಂತೆ ಮಾಡಿದ. ಎಂಜಿನ್ನು ಸ್ಪೀಕರಿನಲ್ಲಿ ಗುರ್ರೆಂದಿತು. ಕಿವಿಯೊಳಗೆ ಟವರಿನವನು ಮೆಲ್ಲಗೆ, "ಕೇಳಿಸ್ತಿದೆಯಾ?" ಎಂದ.

"ಕೇಳಿಸ್ತಿದೆ. ನಿಮಗೆ?"

"ಸ್ಪಷ್ಟವಾಗಿ."

ಇಪ್ಪತ್ತು ನಿಮಿಷ ಗೇರಣ್ಣ ಏರಿದ, ಸುತ್ತಿದ, ಕಿವಿಯಿಂದಲೇ ಎಂಜಿನ್ನನ್ನು ಹಿಡಿದು ಇಳಿಸಿದ.

"ಮೆತ್ತಗೆ ಇಳಿಸಿದ್ರಿ," ಎಂದ ಪರೀಕ್ಷಕ. "ಆದ್ರೆ ರನ್‌ವೇ ಅರ್ಧದಲ್ಲೇ ಎಡಕ್ಕೆ ಒತ್ತಿ ಯಾಕೆ ನಿಲ್ಲಿಸಿದ್ರಿ?"

"ಹಿಂದೆ ಬರೋರಿಗೆ ದಾರಿ ಬೇಕಲ್ವಾ?"

ಅವನು ನಕ್ಕ. ಪಾಸು ಮಾಡಿದ.

ಮೇಜಿನ ಮೇಲಿನ ಫೋನು ಇನ್ನೂ ಕಡಿದಿರಲಿಲ್ಲ. "ಏನಾಯ್ತು ಭಾವ?"

"ಆಯ್ತು." ಗೇರಣ್ಣನಿಗೆ ಕ್ಷಮೆ ಕೇಳುವ ಅಭ್ಯಾಸವಿರಲಿಲ್ಲ, ಯಾವ ಗೇರಿನಲ್ಲಿ ಹೊರಡಬೇಕೆಂದೇ ತಿಳಿಯಲಿಲ್ಲ. "ಭಾನುವಾರ ಬಾ. ನೀನೂ ಒಂದು ರೌಂಡು ಓಡಿಸು."

"ಸೀಟು ನನಗೆ ಬಿಟ್ಟುಕೊಡ್ತೀರಾ?" ಎಂದ ಬಾಮೈದ. "ನಿಜ ಹೇಳಿ ಭಾವ, ಇನ್ನೇನು ಕೆಟ್ಟಿದೆ?"